ರತ್ನಾಕರವರ್ಣಿಯ ಒಲವು ಮತ್ತು ವ್ರತ

ಕಾರ್ಕಳದ ಗುಡ್ಡವನ್ನೇರಿದವರಿಗೆ ಅಲ್ಲಿಯ ಗೊಮ್ಮಟನ ಪರಿಚಯ ಬೇಕಿಲ್ಲ. 1432ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ, ಸುಮಾರು 42 ಅಡಿ ಎತ್ತರದ ಆ ಮೂರ್ತಿ ಗೆದ್ದ ರಾಜ್ಯವನ್ನೇ ಒಲ್ಲೆನೆಂದು ತಪಸ್ಸಿಗೆ ನಡೆದ ಬಾಹುಬಲಿಯದು. ಮುಂದಿನ ಶತಮಾನದಲ್ಲಿ ಅದೇ ಭೈರರಸರ ಆಸ್ಥಾನದಲ್ಲಿದ್ದನೆನ್ನಲಾದ ರತ್ನಾಕರವರ್ಣಿಯು ತನ್ನ ಕಾವ್ಯಕ್ಕೆ ನಾಯಕನನ್ನಾಗಿ ಆರಿಸಿಕೊಂಡದ್ದು ಅಣ್ಣ ಭರತನನ್ನು, ಅರಮನೆಯಲ್ಲಿಯೇ ಉಳಿದವನನ್ನು. ಈ ಆಯ್ಕೆಯ ಅರ್ಥವನ್ನು ವಿಚಾರಿಸದೆ ಕವಿಯ ಪ್ರಣಯಕಥೆಯನ್ನಷ್ಟೇ ಸವಿಯುತ್ತ ಬಂದಿದ್ದೇವೆ.

ಕಥೆ ತಮಗೆ ತಿಳಿದದ್ದೇ. ಯೋಗಬಲದಿಂದ ವಾಯುಗಳನ್ನು ಸಾಧಿಸಿ ಕವಿಯು ಉಪ್ಪರಿಗೆಯನ್ನೇರಿ ರಾಜಕುಮಾರಿಯನ್ನು ಕೂಡುತ್ತಿದ್ದನಂತೆ; ದೊರೆಗೆ ಸುಳಿವು ಹತ್ತಲು ಗುರು ಮಹೇಂದ್ರಕೀರ್ತಿಗಳಲ್ಲಿ ವ್ರತ ಹಿಡಿದನಂತೆ. ಇದನ್ನು ಹೇಳುವ ದೇವಚಂದ್ರನ ‘ರಾಜಾವಳೀಕಥೆ’ ಹುಟ್ಟಿದ್ದು 19ನೆಯ ಶತಮಾನದಲ್ಲಿ. ಕವಿಯ ‘ತ್ರಿಲೋಕ ಶತಕ’ದ ಕಾಲವೋ 1557. ನಡುವೆ ಮುನ್ನೂರು ವರ್ಷಗಳಷ್ಟು ಅಂತರವಿರುವಾಗ ಇದನ್ನು ಚರಿತ್ರೆಯೆನ್ನಲು ನಾನು ಸಿದ್ಧನಿಲ್ಲ. ಕಥೆಯೆಂದೇ ಕೊಂಡರೂ ಅಲ್ಲಿ ನಡೆದದ್ದು ಆಯ್ಕೆಯೇ? ರಾಜಭಟರ ಭಯಕ್ಕೆ ಹಿಡಿದ ವ್ರತವನ್ನು ವೈರಾಗ್ಯವೆಂದು ಹೇಗೆ ಕರೆಯೋಣ? ವ್ರತ ದೊರೆತ ಮೇಲೆ ಕಥೆಯು ಕವಿಯ ಬೆನ್ನು ಹತ್ತುತ್ತದೆ. ಆ ಹೆಣ್ಣು ಮರೆಯಾಗುತ್ತಾಳೆ.

ಕಾವ್ಯವನ್ನು ಆನೆಯ ಮೇಲೆ ಮೆರೆಸಲಿಲ್ಲವೆಂದು ಮುನಿದು ವೀರಶೈವನಾದನು, ಮತ್ತೆ ಜೈನಕ್ಕೆ ಮರಳಿದನು ಎಂಬ ಮಾತೂ ಅಲ್ಲಿಯದೇ. ಮುನಿಸಿನಿಂದ ಬಂದವನ ಬಗೆಗೆ ನಾವು ಹಿಗ್ಗಬೇಕಾದದ್ದೇನೂ ಇಲ್ಲ.

ಸುಮಾರು ಹತ್ತು ಸಾವಿರ ಸಾಂಗತ್ಯ ಪದ್ಯಗಳ ‘ಭರತೇಶ ವೈಭವ’ವನ್ನು ತೆರೆಯಿರಿ. ಮೊದಲ ಭಾಗದ ಹೆಸರೇ ‘ಭೋಗವಿಜಯ’. ಚಕ್ರವರ್ತಿ ಭರತನು ಓಲಗ ನಡೆಸುತ್ತಾನೆ, ಮುನಿಗಳಿಗೆ ಆಹಾರವಿತ್ತು ತಾನುಣ್ಣುತ್ತಾನೆ, ರಾಣಿಯರೊಡನೆ ಸರಸವಾಡುತ್ತಾನೆ, ಕಣ್ಮುಚ್ಚಿ ಆತ್ಮಧ್ಯಾನದಲ್ಲಿ ಮುಳುಗುತ್ತಾನೆ. ಒಂದಕ್ಕಾಗಿ ಇನ್ನೊಂದನ್ನು ಕದ್ದುಮುಚ್ಚುವುದಿಲ್ಲ. ಇಲ್ಲಿಯ ಹೆಣ್ಣು ಮೂಕಳೂ ಅಲ್ಲ: ರಾಣಿ ಕುಸುಮಾಜಿಯು ಪತಿಯ ಮೇಲಿನ ಒಲವನ್ನು ಕಾವ್ಯವಾಗಿಸುತ್ತಾಳೆ. ಭರತನು ರಾಣಿಯರಿಗೂ ಆತ್ಮತತ್ತ್ವವನ್ನು ಬೋಧಿಸುತ್ತಾನೆ. ಬಸವಣ್ಣನವರೊಡನೆ ಗಂಗಾಂಬಿಕೆ, ನೀಲಾಂಬಿಕೆಯರನ್ನೂ, ಮಾರಯ್ಯನೊಡನೆ ಅವನನ್ನೇ ತಿದ್ದಿದ ಲಕ್ಕಮ್ಮನನ್ನೂ ನೆನೆಯುವ ನಮಗೆ ಈ ಸಂಸಾರ ಅಪರಿಚಿತವೆನಿಸದು. ಆದರೆ ಒಂದು ಕೊರತೆಯನ್ನು ಹೇಳಲೇಬೇಕು. ಲಕ್ಕಮ್ಮ ಗಂಡನಿಗೆ ಎದುರಾಡಬಲ್ಲಳು. ತೊಂಬತ್ತಾರು ಸಾವಿರ ರಾಣಿಯರ ಭರತನಿಗೆ ಎದುರಾಡುವವರಿಲ್ಲ. ಅವನ ಸಮನ್ವಯವು ಅಷ್ಟರಮಟ್ಟಿಗೆ ಸುಲಭವಾಯಿತು.

ಇನ್ನೊಂದು ಮಾತು. ಪಂಪನ ಭರತ ತಮ್ಮನಿಗೆ ಸೋಲುತ್ತಾನೆ. ರತ್ನಾಕರನ ಭರತನು ಕಾಳಗವಿಲ್ಲದೆಯೇ ಮೃದುವಚನದಿಂದ ತಮ್ಮನ ಮನವನ್ನು ಗೆಲ್ಲುತ್ತಾನೆ. ಪುರಾಣವನ್ನು ಹೀಗೆ ತಿರುಗಿಸುವ ಧೈರ್ಯವು ರಾಜಭಟರಿಗಂಜಿ ಓಡಿದವನ ಸ್ವಭಾವಕ್ಕೆ ಹೊಂದುವುದಿಲ್ಲ. ಕೊನೆಗೆ ಭರತನೂ ದೀಕ್ಷೆ ಪಡೆಯುತ್ತಾನೆ, ಕವಿ ಅದನ್ನು ತಪ್ಪಿಸಿಲ್ಲ. ಬಾಹುಬಲಿ ವರ್ಷವೊಂದು ನಿಂತ ನಿಲುವಿನಲ್ಲಿ ಬಳ್ಳಿ ಹಬ್ಬುವ ತನಕ ಕಾಯಬೇಕಾಯಿತು. ಭರತನಿಗೆ ದೀಕ್ಷೆಯ ಬೆನ್ನಲ್ಲೇ, ಮುಹೂರ್ತದೊಳಗೆ ಕೇವಲಜ್ಞಾನ ಒದಗಿತು.