ಬೇಟೆ ಬಂಗಲೆಯಲ್ಲಿ ಎರಡು ರಾತ್ರಿ

ರಜೆಯಲ್ಲಿ ಅಕ್ಕತಂಗಿಯರು, ಮಕ್ಕಳು, ಮೊಮ್ಮಕ್ಕಳು ಕೂಡಿ ಹದಿನೆಂಟು ಮಂದಿ ದುಮ್ಮವಾಡದಿಂದ ಕಬಿನಿ ದಂಡೆಯ ಕಾರಾಪುರಕ್ಕೆ ಹೋಗಿದ್ದೆವು. ಅಲ್ಲಿ ಮೈಸೂರು ಅರಸರ ಬೇಟೆ ಬಂಗಲೆಯಿದೆ. 1980ರಲ್ಲಿ ಆರಂಭವಾದ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ಅದನ್ನು ಪ್ರವಾಸಿಗರ ವಸತಿಯಾಗಿ ಮಾಡಿದೆ. ಒಲೆ ಹಚ್ಚದೆ ಎರಡು ದಿನ ಕುಳಿತು ಉಂಡದ್ದು ನಮ್ಮಂಥ ಹೆಂಗಸರಿಗೆ ಸಣ್ಣ ಸುಖವಲ್ಲ.

ಆದರೆ ಅಲ್ಲಿ ನಾವು ಆಡಿದ ಮಾತೇನು? ಮಹಾರಾಜರು ಎಲ್ಲಿ ಕೂಡುತ್ತಿದ್ದರು, ವೈಸರಾಯರು ಎಲ್ಲಿ ಇಳಿಯುತ್ತಿದ್ದರು, ಇಷ್ಟೇ. ಆಗ ಮೊಮ್ಮಗಳು ಕೇಳಿದಳು: "ಆಯಿ, ಆನಿ ಹಿಡಿಯಾವ್ರು ಎಲ್ಲೆ ಮಲಗತಿದ್ರು?" ಇಷ್ಟು ವರ್ಷ ಇತಿಹಾಸ ಕಲಿಸಿದ ನನಗೆ ಉತ್ತರ ಹೊಳೆಯಲಿಲ್ಲ.

ಕಾಡಾನೆಗಳನ್ನು ಸುತ್ತುಗಟ್ಟಿ ಹಿಡಿಯುವ ಖೆಡ್ಡಾ ಪಕ್ಕದ ಕಾಕನಕೋಟೆಯಲ್ಲೇ ನಡೆಯುತ್ತಿತ್ತು. ದೊಡ್ಡ ಅತಿಥಿಗಳಿಗೆ ಅದೊಂದು ನೋಟ. ಕಡೆಯ ಖೆಡ್ಡಾ 1971ರಲ್ಲಿ ಆಯಿತು. ಆನೆಯ ಜಾಡು ಬಲ್ಲವರು ಮಾತ್ರ ಕಾಡುಕುರುಬರು. ಮಾಸ್ತಿಯವರ 'ಕಾಕನಕೋಟೆ' ನಾಟಕದಲ್ಲಿ ಮನಸ್ಸಿನಲ್ಲಿ ನಿಲ್ಲುವವನು ಅರಸನಲ್ಲ, ಆ ಕುರುಬರ ಕಾಚ. ನಾಟಕ ಓದಿದವಳು ನಾನು. ಆದರೂ ಆ ಜಗಲಿಯ ಮೇಲೆ ಕುಳಿತಾಗ ಕಾಚ ನೆನಪಾಗಲಿಲ್ಲ. ಆ ಕಾಡಿನ ಎಷ್ಟೋ ಭಾಗ ಈಗ ಕಬಿನಿಯ ಹಿನ್ನೀರಿನಡಿ ಇದೆ. ಅದರ ಮೇಲೆಯೇ ದೋಣಿಯಲ್ಲಿ ನಗುತ್ತ ತಿರುಗಿ ಬಂದೆವು.

ಜನ ಬಂದು ತಂಗಿದರೆ ಹಳೆಯ ಕಟ್ಟಡ ಉಳಿಯುತ್ತದೆ, ನಿಜ. ಆದರೆ ತೊಲೆ, ಬಾಗಿಲು ಉಳಿದರಷ್ಟೇ ಸಾಲದು. ನಮ್ಮ ಕಡೆಯ ವಾಡೆಗಳನ್ನೇ ನೋಡಿ: ಕಟ್ಟಿಸಿದ ದೇಸಾಯರ ಹೆಸರು ಎಲ್ಲರ ಬಾಯಲ್ಲಿದೆ, ಮಣ್ಣು ತುಳಿದವರ ಹೆಸರು ಯಾರ ಬಾಯಲ್ಲೂ ಇಲ್ಲ. ಮುಂದೆ ಇಂಥ ಕಡೆ ಹೋದಾಗ ಕೋಣೆಯ ಚೆಂದ ಹೊಗಳುವ ಮೊದಲು ಆ ಹುಡುಗಿಯ ಪ್ರಶ್ನೆಯನ್ನು ನಾನೇ ಕೇಳುತ್ತೇನೆ. ನೀವೂ ಕೇಳಿರಿ.