ಜನ ಕೇಳಿದ ಪ್ರಶ್ನೆ ಬೇರೆ: ‘ಡೆಲ್ಲಿ ಕ್ರೈಮ್’ ಮತ್ತೊಮ್ಮೆ ನೋಡಿದಾಗ

ರಿಚಿ ಮೆಹ್ತಾ ನಿರ್ದೇಶನದ ‘ಡೆಲ್ಲಿ ಕ್ರೈಮ್’ ಸರಣಿಯ ಮೊದಲ ಸೀಸನ್ ನೆಟ್‌ಫ್ಲಿಕ್ಸ್‌ನಲ್ಲಿ ಬಂದದ್ದು 2019ರಲ್ಲಿ. ಮರುವರ್ಷ ಅದಕ್ಕೆ ಇಂಟರ್‌ನ್ಯಾಷನಲ್ ಎಮ್ಮಿ ಪ್ರಶಸ್ತಿ ಸಿಕ್ಕಿತು. ಒಂದೇ ರಾತ್ರಿ ಕೂತು ಏಳೂ ಕಂತು ಮುಗಿಸಿ, ಸಿಕ್ಕವರಿಗೆಲ್ಲ ನೋಡಿ ಎಂದು ಹೇಳಿದವನು ನಾನು. ಈಚೆಗೆ ಹದಿನೇಳರ ಮಗಳ ಜೊತೆ ಮತ್ತೆ ನೋಡಿದೆ. ಮುಗಿದ ಮೇಲೆ ಅವಳು ಕೇಳಿದಳು: “ಅಪ್ಪಾ, ಪೊಲೀಸರು ಇಷ್ಟು ಚೆನ್ನಾಗಿ ಕೆಲಸ ಮಾಡಿದ್ರೆ ಜನ ಯಾಕೆ ಅಷ್ಟು ಸಿಟ್ಟಾಗಿದ್ರು?” ನನ್ನ ಬಳಿ ತಕ್ಷಣಕ್ಕೆ ಉತ್ತರ ಇರಲಿಲ್ಲ. ಹುಡುಕಿದರೆ ಸರಣಿಯಲ್ಲೂ ಇಲ್ಲ.

ಸರಣಿಯ ಗುಣಗಳನ್ನು ಮೊದಲು ಹೇಳಬೇಕು. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ಬಸ್ಸಿನಲ್ಲಿ ನಡೆದ ಕ್ರೌರ್ಯವನ್ನು ಅದು ತೆರೆಯ ಮೇಲೆ ತೋರಿಸುವುದಿಲ್ಲ. ಆ ಸಂಯಮ ದೊಡ್ಡದು. ಡಿಸಿಪಿ ವರ್ತಿಕಾ ಚತುರ್ವೇದಿಯಾಗಿ ಶೆಫಾಲಿ ಶಾ ಒಂದು ಮಾತೂ ಆಡದೆ ದಣಿವನ್ನೂ ಸಿಟ್ಟನ್ನೂ ದಾಟಿಸುತ್ತಾರೆ. ನಿದ್ದೆಗೆಟ್ಟು, ಮನೆ ಮರೆತು ದುಡಿಯುವ ಪೊಲೀಸರನ್ನು ನಮ್ಮ ಸಿನಿಮಾಗಳು ಇಷ್ಟು ನಂಬುವಂತೆ ತೋರಿಸಿದ್ದು ಕಡಿಮೆ.

ಆದರೆ ಕಥೆ ಪೊಲೀಸರ ಬೆನ್ನ ಹಿಂದೆಯೇ ನಡೆಯುವುದರಿಂದ, ಬೀದಿಗಿಳಿದ ಜನ ಬರೀ ಗದ್ದಲವಾಗಿಬಿಡುತ್ತಾರೆ. ಅವರು ತನಿಖೆಗೆ ಅಡ್ಡಿ, ಮೇಲಿನವರ ಒತ್ತಡಕ್ಕೆ ಕಾರಣ. ದೆಹಲಿಯನ್ನೇ ನಂಬದ ವರ್ತಿಕಾಳ ಮಗಳು ಕೂಡ ಅಮ್ಮನ ಶ್ರಮವನ್ನು ಅರಿಯಬೇಕಾದವಳು. ಪೊಲೀಸರು ಈ ಪ್ರಕರಣದಲ್ಲಿ ಸರಿಯಾಗಿ ಕೆಲಸ ಮಾಡಿದರೇ ಎಂದು ಸರಣಿ ಕೇಳುತ್ತದೆ. ಮಾಡಿದರು; ಆರೂ ಆರೋಪಿಗಳು ವಾರದೊಳಗೆ ಸಿಕ್ಕಿದರು. ಆದರೆ ರೈಸಿನಾ ಗುಡ್ಡದಲ್ಲಿ ಜಲಫಿರಂಗಿಗೆ, ಅಶ್ರುವಾಯುವಿಗೆ ಎದುರು ನಿಂತವರು ಕೇಳಿದ್ದು ಈ ಒಂದು ಪ್ರಕರಣದ ಲೆಕ್ಕವನ್ನಲ್ಲ. ಸುದ್ದಿಯಾಗದ ಉಳಿದ ಹೆಣ್ಣುಮಕ್ಕಳು ಠಾಣೆಗೆ ಹೋದರೆ ಏನಾಗುತ್ತದೆ ಎಂದು ಅವರು ಕೇಳುತ್ತಿದ್ದರು.

ಉತ್ತರ ಆ ದಿನಗಳಲ್ಲೇ ಇತ್ತು. ಅದೇ ಬಸ್ಸಿನಲ್ಲಿ ಅದೇ ಸಂಜೆ ಒಬ್ಬ ಬಡಗಿಯನ್ನು ದೋಚಿ ಇಳಿಸಿದ್ದರು. ಎದುರು ಸಿಕ್ಕ ಕಾನ್‌ಸ್ಟೆಬಲ್‌ಗಳಿಗೆ ಆತ ಹೇಳಿಕೊಂಡರೆ, ಅದು ನಮ್ಮ ಠಾಣೆಯ ಸರಹದ್ದಲ್ಲ ಎಂದರಂತೆ, ಹಾಗೆಂದು ವರದಿಯಾಗಿತ್ತು. ಪಂಜಾಬಿನ ಪಟಿಯಾಲಾ ಜಿಲ್ಲೆಯಲ್ಲಿ ದೀಪಾವಳಿಯಂದು ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದ ಹುಡುಗಿಯ ದೂರನ್ನು ಪೊಲೀಸರು ದಿನಗಟ್ಟಲೆ ದಾಖಲಿಸಲಿಲ್ಲ. ರಾಜಿಯಾಗೆಂದು ಒತ್ತಾಯಿಸಿದ ಆರೋಪವೂ ಬಂತು. ಡಿಸೆಂಬರ್ 26ರಂದು ಅವಳು ಜೀವ ಕಳೆದುಕೊಂಡಳು. ದೆಹಲಿಯಲ್ಲಿ ಇನ್ನೂ ಮೇಣದಬತ್ತಿಗಳು ಉರಿಯುತ್ತಿದ್ದವು.

ನಾನು ಸಾಫ್ಟ್‌ವೇರ್ ಪ್ರಾಜೆಕ್ಟ್ ನಡೆಸುವವನು. ಎಸ್ಕಲೇಟ್ ಆದ ಒಂದು ಟಿಕೆಟ್‌ಗೆ ಎಲ್ಲ ಜನ, ಎಲ್ಲ ಸಮಯ ಸಿಗುತ್ತದೆಂಬುದು ಗೊತ್ತು. ಲಾಗ್ ಆಗದ ಟಿಕೆಟ್ ಮಾತ್ರ ಯಾವ ವರದಿಯಲ್ಲೂ ಇರುವುದಿಲ್ಲ. ಡ್ಯಾಶ್‌ಬೋರ್ಡ್ ಹಸಿರಾಗಿಯೇ ಇರುತ್ತದೆ. ‘ಡೆಲ್ಲಿ ಕ್ರೈಮ್’ ಎಸ್ಕಲೇಟ್ ಆದ ಪ್ರಕರಣದ ಕಥೆ. ಅದನ್ನೇ ಇಡೀ ಇಲಾಖೆಯ ಗುಣಪತ್ರದಂತೆ ಓದಿದ್ದು ನನ್ನ ಮೊದಲ ನೋಟದ ತಪ್ಪು. ಹಾಗೆ ಓದಲು ಸರಣಿಯೂ ಅನುವು ಮಾಡಿಕೊಡುತ್ತದೆ.

ಜನಸಮೂಹವೇನೂ ನಿರ್ದೋಷಿಯಲ್ಲ. ಗಲಾಟೆಯ ನಡುವೆ ಕುಸಿದ ಒಬ್ಬ ಕಾನ್‌ಸ್ಟೆಬಲ್ ಎರಡು ದಿನದ ನಂತರ ತೀರಿಕೊಂಡರು. ಗಲ್ಲಿಗೇರಿಸಿ ಎಂಬ ಕೂಗಿನಲ್ಲಿ, ದೂರು ದಾಖಲಿಸಿ ಎಂಬ ಸಣ್ಣ ಬೇಡಿಕೆ ಕೇಳಿಸುತ್ತಿರಲಿಲ್ಲ. ಅದನ್ನು ಕೇಳಿಸಿಕೊಂಡಿದ್ದು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ. 80,000ಕ್ಕೂ ಹೆಚ್ಚು ಸಲಹೆಗಳನ್ನು ಪಡೆದು, 29 ದಿನಗಳಲ್ಲಿ ವರದಿ ಕೊಟ್ಟಿತು. ಅತ್ಯಾಚಾರಕ್ಕೆ ಮರಣದಂಡನೆ ಬೇಡವೆಂದಿತು. ದೂರು ದಾಖಲಿಸದ ಅಧಿಕಾರಿಗೆ ಶಿಕ್ಷೆಯಾಗಬೇಕೆಂದಿತು. 2013ರ ತಿದ್ದುಪಡಿಯಲ್ಲಿ ಸರ್ಕಾರ ಮರಣದಂಡನೆಯನ್ನು ಕೆಲವು ಸಂದರ್ಭಗಳಿಗೆ ಸೇರಿಸಿಕೊಂಡಿತಾದರೂ, ಸೆಕ್ಷನ್ 166ಎ ಕೂಡ ಬಂತು: ಅತ್ಯಾಚಾರದಂಥ ದೂರನ್ನು ದಾಖಲಿಸದಿದ್ದರೆ ಆರು ತಿಂಗಳಿಂದ ಎರಡು ವರ್ಷದವರೆಗೆ ಕಠಿಣ ಸಜೆ. ಇಂದಿನ ನ್ಯಾಯ ಸಂಹಿತೆಯಲ್ಲೂ ಅದು ಉಳಿದಿದೆ. ಸರಣಿ ಗದ್ದಲವೆಂದು ತೋರಿಸಿದ್ದರಿಂದ ಹುಟ್ಟಿದ ಕಾನೂನು ಇದು.

ಆ ಭಾನುವಾರ ನಾನು ಇಂಡಿಯಾ ಗೇಟಿಗೆ ಹೋಗಲಿಲ್ಲ. ಮೆಟ್ರೋ ನಿಲ್ದಾಣ ಮುಚ್ಚಿದ್ದಾರೆ ಎಂಬ ನೆಪ ಇತ್ತು; ಮನೆಯಲ್ಲಿ ಟಿವಿ ನೋಡುತ್ತ ಕೂತೆ. ಆಗ ಮಗಳಿಗೆ ನಾಲ್ಕು ವರ್ಷ. ಈಗ ಅವಳಿಗೆ ಇಷ್ಟನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಇದನ್ನ ಬರವಣಿಗೆ ಮಾಡಿಸೋಕೆ ಬಂದು ಕೂತವಳ ಕಡೆಯಿಂದ ಯಾರಾದ್ರೂ ತೆಗೀಬೇಕು” ಅಂದಳು. ನಾನೂ ಅದನ್ನೇ ಕಾಯುತ್ತಿದ್ದೇನೆ: ಕ್ಯಾಮೆರಾ ಠಾಣೆಯ ಮೇಜಿನ ಈಚೆ ಬದಿಯಲ್ಲಿ, ದೂರು ತಂದವಳ ಪಕ್ಕದ ಬೆಂಚಿನ ಮೇಲೆ ಇರುವ ಕಥೆಯನ್ನು.