‘ಏಡೀನಳ ಸಮಾಧಿ’: ಒಂದು ವಿಮರ್ಶೆ

ಐರ್ಲೆಂಡಿನ ಡಬ್ಲಿನ್ ನಗರಕ್ಕೆ ಈಶಾನ್ಯದಲ್ಲಿ, ಕಡಲಿಗೆ ಚಾಚಿಕೊಂಡಿರುವ ಹೌತ್ ಬೆಟ್ಟದ ತಪ್ಪಲಿನಲ್ಲಿ, ಕುಸಿದು ಬಿದ್ದ ಶಿಲಾಸಮಾಧಿಯೊಂದಿದೆ. ಸುಮಾರು 70 ಟನ್ನು ತೂಗುವುದೆಂದು ಅಂದಾಜು ಮಾಡಿರುವ ಅದರ ಮುಚ್ಚುಗಲ್ಲು ಆಧಾರಶಿಲೆಗಳಿಂದ ಜಾರಿ ಓರೆಯಾಗಿ ಒರಗಿದೆ. ಇದನ್ನು ಕುರಿತು ಸರ್ ಸಾಮ್ಯುಯಲ್ ಫರ್ಗೂಸನ್ (1810–1886) ರಚಿಸಿದ ಕವನವು 1861ರಲ್ಲಿ ಮಾರ್ಗರೆಟ್ ಸ್ಟೋಕ್ಸ್ ಎಂಬಾಕೆಯ ಚಿತ್ರಾಲಂಕಾರದೊಡನೆ ಹೊರಬಂದಿತು. 1865ರ ಕವನಸಂಗ್ರಹದಲ್ಲಿ ‘ಏಡೀನಳ ಸಮಾಧಿ’ ಎಂಬ ಹೆಸರಿನಿಂದ ಸೇರಿತು.

ಕಥೆ ಸರಳವಾದುದು. ವೀರನಾದ ಆಸ್ಕರನು ಯುದ್ಧದಲ್ಲಿ ಮಡಿಯಲು, ಅವನ ಮಡದಿ ಏಡೀನಳು ದುಃಖದಿಂದ ಪ್ರಾಣಬಿಟ್ಟಳು. ಆಸ್ಕರನ ತಂದೆಯೂ ಕವಿಯೂ ಆದ ಓಶೀನನು ಅವಳನ್ನು ಸಮಾಧಿಮಾಡಿ ಆಡುವ ಮಾತುಗಳೇ ಈ ಕವನ.

ಇತಿಹಾಸದ ಒರೆಗಲ್ಲಿಗೆ ಹಚ್ಚಿದರೆ ಈ ಕಥೆ ನಿಲ್ಲದು. ಇಂತಹ ಸಮಾಧಿಗಳು ನವಶಿಲಾಯುಗದವು. ಕ್ಲೇರ್ ಪ್ರಾಂತದ ಪೌಲ್ನಬ್ರೋನ್ ಸಮಾಧಿಯಲ್ಲಿ 1986ರಲ್ಲಿ ಆನ್ ಲಿಂಚ್ ಅವರು ಉತ್ಖನನ ಆರಂಭಿಸಿದರು. ಅಲ್ಲಿ 30ಕ್ಕೂ ಹೆಚ್ಚು ಜನರ ಎಲುಬುಗಳು ದೊರೆತವು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಅವರಲ್ಲಿದ್ದರು. ಅವರ ಕಾಲ ಕ್ರಿ.ಪೂ. 3800ರಿಂದ 3200. ಕವನದಲ್ಲಿ ಏಡೀನಳ ಹೆಸರನ್ನು ಹೊತ್ತಿರುವ ಓಘಮ್ ಲಿಪಿಯಾದರೋ ಕ್ರಿ.ಶ. 4ನೆಯ ಶತಮಾನದ ಸುಮಾರಿಗೆ ರೂಢಿಗೆ ಬಂದುದು. ಫರ್ಗೂಸನ್ನನ ಕಾಲದಲ್ಲಿ ಇಂತಹ ಕಾಲನಿರ್ಣಯಕ್ಕೆ ಸಾಧನಗಳಿರಲಿಲ್ಲವಾದುದರಿಂದ ಇದನ್ನು ಕಾವ್ಯದೋಷವೆಂದೆಣಿಸುವುದು ಉಚಿತವಲ್ಲ.

ಕವನದ ಹಿರಿಮೆ ಬೇರೆಡೆಯಲ್ಲಿದೆ. ಕಲ್ಲಿನ ಮೇಲಣ ಅಕ್ಷರಗಳು ಸವೆದುಹೋಗುವುವು, ಹೆಸರು ಹಾಡಿನಲ್ಲಿ ಮಾತ್ರ ಉಳಿಯುವುದು, ಆ ಹಾಡೂ ಮರೆತುಹೋಗಿ ಎಂದೋ ಪರಭಾಷೆಯಲ್ಲಿ ಅರೆಕೊರೆಯಾಗಿ ಮರುಹುಟ್ಟುವುದು ಎಂದು ಓಶೀನನೇ ಮುಂಗಾಣುತ್ತಾನೆ. 1845ರ ಬಳಿಕ ಬಂದ ಮಹಾಕ್ಷಾಮದಲ್ಲಿ ಐರಿಷ್ ಮಾತಾಡುವ ಲಕ್ಷಾಂತರ ಜನರು ಸತ್ತು, ದೇಶಬಿಟ್ಟು ಹೋಗಿದ್ದರು. ಅದಾಗಿ ಹೆಚ್ಚು ಕಾಲ ಸಂದಿರಲಿಲ್ಲ. ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಕವಿ ತನ್ನ ಕೃತಿಯ ಕೊರತೆಯನ್ನು ಆ ಮುದುಕನ ಬಾಯಿಂದಲೇ ನುಡಿಸಿದ್ದಾನೆ. ಇಲ್ಲಿಯ ಕರುಣರಸವು ಏಡೀನಳನ್ನು ದಾಟಿ ಒಂದು ಭಾಷೆಯನ್ನೇ ಕುರಿತದ್ದಾಗುತ್ತದೆ.

ಆದರೆ ಈ ಕಲ್ಲನ್ನು ನೋಡುತ್ತ ನಿಂತ ಹೊಸ ಕವಿಯು ಗತಕಾಲದೊಡನೆ ಒಂದಾಗುವನೆಂಬ ಕೊನೆಯ ಭರವಸೆ ಸುಲಭವಾಗಿ ದೊರೆತಂತಿದೆ. ಹಾಗೆ ಬೆರೆತವನು ಓಶೀನನನ್ನು ಮುಟ್ಟಿಯಾನು, ಕಲ್ಲನ್ನೆತ್ತಿದವರನ್ನಲ್ಲ. ಅವರಾಡಿದ ಭಾಷೆಯ ಒಂದು ಮಾತೂ ಯಾವ ಹಾಡಿನಲ್ಲಿಯೂ ಉಳಿದಿಲ್ಲ. ಆ ಮೌನವನ್ನು ಫರ್ಗೂಸನ್ ಕಥೆಯಿಂದ ಮುಚ್ಚಿದನು. ಕಥೆ ಸೊಗಸಾಗಿದೆ, ಮೌನ ಅದಕ್ಕಿಂತ ಹಳೆಯದು.